ರೀ, ಸ್ವಲ್ಪ ಬನ್ನಿ ಇಲ್ಲಿ

ಮಾರ್ಚ್ 8ರಂದು ನಮ್ಮ ಕಾಲೇಜಿನ ಮಹಿಳಾ ದಿನಾಚರಣೆಯಲ್ಲಿ ನಾನು ನಲವತ್ತು ನಿಮಿಷ ಭಾಷಣ ಮಾಡಿದೆ. ಹೆಣ್ಣು ಯಾವುದರಲ್ಲೂ ಗಂಡಿಗಿಂತ ಕಡಿಮೆಯಲ್ಲ ಎಂದು ಎರಡು ಸಲ ಮೇಜು ಕುಟ್ಟಿದೆ. ಎರಡನೇ ಸಲ ಕುಟ್ಟಿದಾಗ ಕೈ ಸ್ವಲ್ಪ ಜೋರಾಗಿಯೇ ನೋಯಿತು. ತೋರಿಸಿಕೊಳ್ಳಲಿಲ್ಲ. ಕೊನೆಗೆ ಶಾಲು, ಹಾರ, ಒಂದು ಬುಟ್ಟಿ ಹಣ್ಣು ಕೊಟ್ಟರು. ಬುಟ್ಟಿ ಭಾರವಿತ್ತು. ಆಟೋದವರೆಗೆ ಅದನ್ನು ಹೊತ್ತು ತಂದದ್ದು ನಮ್ಮ ಕಾಲೇಜಿನ ಅಟೆಂಡರ್. ಭಾಷಣದಲ್ಲಿ ಅವನ ಪ್ರಸ್ತಾಪ ಬಂದಿರಲಿಲ್ಲ.

ಮಾರ್ಚ್ 9, ಬೆಳಗ್ಗೆ ಏಳೂಕಾಲು. ಗ್ಯಾಸ್ ಖಾಲಿ.

ಗ್ಯಾಸು ಖಾಲಿಯಾಗುವುದಕ್ಕೂ ಮುಹೂರ್ತ ಅಂತ ಒಂದಿದೆ. ಸುಮ್ಮನೆ ನೀರು ಕಾಯಿಸುವಾಗ ಅದು ಮುಗಿಯುವುದಿಲ್ಲ. ಒಗ್ಗರಣೆಗೆ ಸಾಸಿವೆ ಹಾಕಿ, ಅರ್ಧ ಸಾಸಿವೆ ಸಿಡಿದು, ಉಳಿದರ್ಧ ಎಣ್ಣೆಯಲ್ಲಿ ಪೆಚ್ಚಾಗಿ ಕೂತಿರುವಾಗ ಮುಗಿಯುತ್ತದೆ. ಅವತ್ತು ಯಜಮಾನರು ಯಾರದೋ ಗೃಹಪ್ರವೇಶಕ್ಕೆಂದು ಹುಬ್ಬಳ್ಳಿಗೆ ಹೋಗಿದ್ದರು. ಮಗಳು ಹಾಸ್ಟೆಲಿನಲ್ಲಿದ್ದಳು. ಒಂಬತ್ತು ಗಂಟೆಗೆ ಯಜಮಾನರ ಸೋದರತ್ತೆ ಮೂರು ಜನರನ್ನು ಕಟ್ಟಿಕೊಂಡು ತಿಂಡಿಗೆ ಬರುವವರಿದ್ದರು. ತುಂಬಿದ ಸಿಲಿಂಡರ್ ಇತ್ತು, ಆದರೆ ಕೆಳಗಿತ್ತು. ನಾವಿರುವುದು ಮೊದಲನೇ ಮಹಡಿಯಲ್ಲಿ, ನಡುವೆ ಹದಿನೆಂಟು ಮೆಟ್ಟಿಲು. ಡೆಲಿವರಿ ಹುಡುಗ ಬಂದಾಗ ನಾವ್ಯಾರೂ ಇಲ್ಲವೆಂದು ಓನರ್ ಮನೆಯ ಜಗಲಿಯಲ್ಲಿ ಇಟ್ಟು ಹೋಗಿದ್ದ. "ಊರಿಂದ ಬಂದ್ಮೇಲೆ ಹತ್ತಿಸ್ತೀನಿ ಬಿಡು, ಅದೇನ್ ಮಹಾ" ಎಂದು ಹೇಳಿ ಯಜಮಾನರು ರೈಲು ಹತ್ತಿದ್ದರು.

ಅದೇನು ಮಹಾ ಎನ್ನುವುದನ್ನು ಅವತ್ತು ನಾನು ಲೆಕ್ಕ ಹಾಕಿದೆ. ಒಳಗಿರುವ ಗ್ಯಾಸು 14.2 ಕೆ.ಜಿ. ಎಂದು ಎಲ್ಲರಿಗೂ ಗೊತ್ತು. ಹೊರಗಿನ ಕಬ್ಬಿಣ ಅದಕ್ಕಿಂತ ಭಾರ ಎನ್ನುವುದು ಎತ್ತಲು ಹೋದವರಿಗೆ ಮಾತ್ರ ಗೊತ್ತು. ಖಾಲಿ ಸಿಲಿಂಡರಿನ ತೂಕವನ್ನು ಮೇಲ್ಗಡೆ ಹಿಡಿಯ ಹತ್ತಿರ ಬರೆದಿರುತ್ತಾರೆ. ನಮ್ಮದರ ಮೇಲೆ 15.9 ಎಂದಿತ್ತು. ಒಟ್ಟು 30 ಕೆ.ಜಿ. 100 ಗ್ರಾಂ. ನಾನು 52 ಕೆ.ಜಿ., ಅದೂ ಸೀರೆ ಸೇರಿಸಿ.

ಮೈಸೂರಿನಲ್ಲಿ ಹುಟ್ಟಿ ಬೆಳೆದವರಿಗೆ ಭಾರ ಎಂದರೆ ಮೊದಲು ನೆನಪಾಗುವುದು ಅಂಬಾರಿ. ಚಿನ್ನದ ಅಂಬಾರಿಯ ತೂಕ 750 ಕೆ.ಜಿ. ಅಂದರೆ ಒಂದು ಅಂಬಾರಿಗೆ ಇಪ್ಪತ್ತೈದು ತುಂಬಿದ ಸಿಲಿಂಡರ್. ಅದನ್ನು ಹೊತ್ತುಕೊಂಡು ಅರಮನೆಯಿಂದ ಬನ್ನಿಮಂಟಪದವರೆಗೆ ಸುಮಾರು ಐದು ಕಿಲೋಮೀಟರ್ ನಡೆಯಲು ಆನೆಗೂ ವಾರಗಟ್ಟಲೆ ತಾಲೀಮು ಬೇಕು. ಮರಳಿನ ಮೂಟೆ ಹೊರಿಸುತ್ತಾರೆ, ದಿನದಿನಕ್ಕೆ ಭಾರ ಏರಿಸುತ್ತಾರೆ, ಆಮೇಲೆ ಮರದ ಅಂಬಾರಿ, ಕೊನೆಗೆ ಚಿನ್ನದ್ದು. ನಡುವೆ ಬೆಲ್ಲ, ತೆಂಗಿನಕಾಯಿ ತಿನ್ನಿಸುತ್ತಾರೆ. ನನಗೆ ತಾಲೀಮೂ ಇಲ್ಲ, ಬೆಲ್ಲವೂ ಇಲ್ಲ, ಬೆಳಗಿನ ಕಾಫಿ ಕೂಡ ಆಗಿರಲಿಲ್ಲ. ನಲವತ್ತು ನಿಮಿಷದ ಭಾಷಣದ ಬಿಸಿ ಮಾತ್ರ ಇನ್ನೂ ಆರಿರಲಿಲ್ಲ.

ಸೆರಗು ಸಿಕ್ಕಿಸಿಕೊಂಡು ಎರಡೂ ಕೈಯಲ್ಲಿ ಹಿಡಿ ಹಿಡಿದು ಎತ್ತಿದೆ. ಎದ್ದಿತು! ನಾಲ್ಕು ಬೆರಳಿನಷ್ಟು ಎದ್ದು, ಎಡಗಾಲಿನ ಹೆಬ್ಬೆರಳಿಗೆ ಒಂದು ಕೂದಲೆಳೆ ಆಚೆ ಇಳಿಯಿತು. ಆಮೇಲೆ ಬುದ್ಧಿ ಉಪಯೋಗಿಸೋಣ ಅನ್ನಿಸಿತು. ಎರಡನೇ ಮೆಟ್ಟಿಲ ಮೇಲೆ ಕೂತು, ಬಾವಿಯಿಂದ ನೀರು ಸೇದುವ ಹಾಗೆ ಸಿಲಿಂಡರನ್ನು ಮೊದಲನೇ ಮೆಟ್ಟಿಲಿಗೆ ಎಳೆದುಕೊಂಡೆ. ನಾನು ಮೂರಕ್ಕೆ, ಅದು ಎರಡಕ್ಕೆ. ನಾನು ನಾಲ್ಕಕ್ಕೆ, ಅದು ಮೂರಕ್ಕೆ. ಅಲ್ಲಿಗೆ ಕೈ ಸೋತಿತು. ಮೇಲಕ್ಕೆಳೆಯಲು ಶಕ್ತಿಯಿಲ್ಲ, ಕೈಬಿಟ್ಟರೆ ಅದು ಉರುಳಿಕೊಂಡು ಹೋಗಿ ಓನರ್ ಅಮ್ಮ ಆಗಷ್ಟೇ ಹಾಕಿದ ರಂಗೋಲಿಯ ಮೇಲೆ ಬೀಳುತ್ತದೆ. ಸಿಲಿಂಡರನ್ನು ಮಗುವಿನ ಹಾಗೆ ತಬ್ಬಿಕೊಂಡು ಮೆಟ್ಟಿಲ ಮೇಲೆ ಕೂತೆ. ಮೇಲೆ ಮೊಬೈಲ್ ಹೊಡೆದುಕೊಳ್ಳುತ್ತಿತ್ತು. ಅದು ಸೋದರತ್ತೆಯದೇ ಎಂದು ರಿಂಗಿನಲ್ಲೇ ಗೊತ್ತಾಗುತ್ತಿತ್ತು.

ಅಷ್ಟರಲ್ಲಿ ಓನರ್ ಮನೆಯ ಹುಡುಗ ಜಿಮ್ಮಿನಿಂದ ಬಂದ. ಇಪ್ಪತ್ತೆರಡು ವಯಸ್ಸು. ತೋಳು ನಮ್ಮ ಯಜಮಾನರ ತೊಡೆಯಷ್ಟಿದೆ. ಬಕೆಟ್ಟಿನಷ್ಟು ದೊಡ್ಡ ಡಬ್ಬದಲ್ಲಿ ಅದೇನೋ ಪುಡಿ ತರಿಸಿ ಹಾಲಿಗೆ ಕದಡಿ ಕುಡಿಯುತ್ತಾನೆ. "ಆಂಟಿ, ಬಿಡಿ ಬಿಡಿ, ನಾನು ಡೆಡ್‌ಲಿಫ್ಟೇ 110 ಹೊಡೀತೀನಿ" ಎಂದ. ದೇವರು ಬಂದಂತಾಯಿತು. ಆದರೆ ದೇವರು ತಕ್ಷಣ ಎತ್ತಲಿಲ್ಲ. ಹೆಣ್ಣು ನೋಡಲು ಬಂದವರ ಹಾಗೆ ಸಿಲಿಂಡರನ್ನು ಆ ಕಡೆಯಿಂದ ಈ ಕಡೆಯಿಂದ ನೋಡಿದ. ವಾರ್ಮಪ್ ಇಲ್ಲದೆ ಎತ್ತಬಾರದಂತೆ, ಕೈಕಾಲು ಬೀಸಿದ. ನಾನು ಮಾತ್ರ ಹಿಡಿದುಕೊಂಡೇ ಇದ್ದೆ. ಕೊನೆಗೆ ಎತ್ತಿದ. ಐದು, ಆರು, ಏಳು, ಎಂಟು. ಒಂಬತ್ತನೇ ಮೆಟ್ಟಿಲಿಗೆ ಧಡಕ್ಕನೆ ಇಟ್ಟ.

"ಏನಾಯ್ತಪ್ಪಾ?"

"ಗ್ರಿಪ್ ಸಿಗ್ತಿಲ್ಲ ಆಂಟಿ. ಅಲ್ಲಿ ರಾಡ್ ಇರತ್ತೆ." ಸ್ವಲ್ಪ ಉಸಿರೆಳೆದುಕೊಂಡು, "ಅದೂ ಅಲ್ದೆ ಇವತ್ತು ನಂದು ಲೆಗ್ ಡೇ ಅಲ್ಲ" ಎಂದ.

ಕಾಲಿಗೆ ವಾರದಲ್ಲಿ ಒಂದು ದಿನ ಗೊತ್ತು ಮಾಡಿಕೊಂಡವರನ್ನು ನಾನು ಅವತ್ತೇ ನೋಡಿದ್ದು. ಈಗ ಸಿಲಿಂಡರ್ ಸರಿಯಾಗಿ ಅರ್ಧ ದಾರಿಯಲ್ಲಿತ್ತು. ಕೆಳಗಿನಿಂದ ಹುಡುಗ ಹಿಡಿದಿದ್ದ, ಮೇಲಿನಿಂದ ನಾನು ಹಿಡಿದಿದ್ದೆ. ಸಮುದ್ರ ಮಥನ ನಿಂತುಹೋದ ಹಾಗಿತ್ತು.

ಎದುರು ಮನೆಯ ಪೈಲ್ವಾನ್ ತಾತ ಹಾಲಿನ ಪ್ಯಾಕೆಟ್ ಹಿಡಿದುಕೊಂಡು ಬರುತ್ತಿದ್ದರು. ಎಪ್ಪತ್ತು ದಾಟಿದವರು. ಬೀದಿಯವರೆಲ್ಲ ಪೈಲ್ವಾನ್ ತಾತ ಎನ್ನುವುದು ರೂಢಿಗೆ, ನೋಡಿದರೆ ಒಣಗಿದ ನುಗ್ಗೇಕಾಯಿ. ನಿಂತು ಒಂದು ಕ್ಷಣ ನೋಡಿ ಮೆಟ್ಟಿಲು ಹತ್ತಿ ಬಂದು, ಹಾಲಿನ ಪ್ಯಾಕೆಟ್ಟನ್ನು ನನ್ನ ಕೈಗೆ ಕೊಟ್ಟರು. "ಇದನ್ನ ಇಡ್ಕೊ ಅವ್ವ. ಬುಡಿ ಇಬ್ಬರೂ" ಎಂದರು. ಪಂಚೆ ಎತ್ತಿ ಕಟ್ಟಿ, ಬೆನ್ನು ನೆಟ್ಟಗೆ ಇಟ್ಟುಕೊಂಡೇ ಕುಕ್ಕರುಗಾಲಲ್ಲಿ ಕೂತರು. ಒಂದು ಕೈ ಹಿಡಿಗೆ, ಒಂದು ಕೈ ತಳಕ್ಕೆ. ಸಿಲಿಂಡರ್ ಮೊದಲು ತೊಡೆಗೆ ಬಂತು, ತೊಡೆಯಿಂದ ಒಂದು ಜೀಕಿಗೆ ಹೆಗಲಿಗೆ ಬಂತು. ಆಮೇಲೆ ದೇವಸ್ಥಾನದ ಮೆಟ್ಟಿಲು ಹತ್ತುವವರ ಹಾಗೆ ಹತ್ತಿದರು. ಅಡುಗೆಮನೆಯಲ್ಲಿ ಇಟ್ಟ ಸದ್ದು ಕೂಡ ಕೇಳಲಿಲ್ಲ.

"ಸ್ವಂಟದಾಗೆ ಎತ್ಬಾರ್ದು ಕಣವ್ವ, ತೊಡೇಲಿ ಎತ್ಬೇಕು" ಎಂದು ಹಾಲಿನ ಪ್ಯಾಕೆಟ್ ವಾಪಸ್ ಈಸಿಕೊಂಡರು.

ಹುಡುಗ ಮಾತು ಸತ್ತು ನಿಂತಿದ್ದ. "ತಾತ, ನೀವೇನ್ ತಿಂತಿದ್ರಿ?" ಎಂದು ಕೇಳಿದ.

"ದುಡ್ಡಿದ್ರೆ ಬಾದಾಮಿ ಹಾಕಿದ್ ಹಾಲು. ಇಲ್ದಿದ್ರೆ ಬರೀ ಹಾಲು. ಅದೂ ಇಲ್ದಿದ್ರೆ ಹಾಲು ಕುಡ್ದೋನ್ನ ಕೆಡವ್ತಿದ್ದೊ."

ತಾತ ಹುಡುಗನಾಗಿದ್ದಾಗ ಮೊಹಲ್ಲಾಕ್ಕೊಂದು ಗರಡಿ ಇತ್ತಂತೆ. ಕೆಲವು ಈಗಲೂ ಇವೆ. ಗರಡಿಯ ಬಾಗಿಲು ಬೇಕೆಂದೇ ಗಿಡ್ಡ. ಎಂಥ ಜಟ್ಟಿಯಾದರೂ ತಲೆ ಬಗ್ಗಿಸಿಯೇ ಒಳಗೆ ಹೋಗಬೇಕು. ಒಳಗೆ ಎಣ್ಣೆ, ಅರಿಶಿನ ಕಲಸಿ ಹದ ಮಾಡಿದ ಕೆಮ್ಮಣ್ಣು, ಗೋಡೆಯಲ್ಲಿ ಆಂಜನೇಯ. ದಂಡ, ಬಸ್ಕಿ, ಗದೆ. ದಸರೆ ಬಂದರೆ ದೊಡ್ಡಕೆರೆ ಮೈದಾನದ ಅಖಾಡದಲ್ಲಿ ಕುಸ್ತಿ. ವಿಜಯದಶಮಿಯ ದಿನ ಅರಮನೆಯ ಅಂಗಳದಲ್ಲಿ ನಡೆಯುವ ವಜ್ರಮುಷ್ಟಿ ಕಾಳಗವನ್ನು ನಾನು ಟೀವಿಯಲ್ಲಿ ನೋಡಿದ್ದೇನೆ. ತಲೆ ಬೋಳಿಸಿಕೊಂಡ ಜಟ್ಟಿಗಳು ಎದುರೆದುರು ನಿಲ್ಲುತ್ತಾರೆ, ಯಾರ ತಲೆಯಿಂದ ಮೊದಲು ರಕ್ತ ಚಿಮ್ಮಿತೋ ಅಲ್ಲಿಗೆ ಕಾಳಗ ಮುಗಿಯಿತು. ಒಗ್ಗರಣೆ ಸೀಯುವಷ್ಟು ಹೊತ್ತೂ ಹಿಡಿಯುವುದಿಲ್ಲ. ತಾತ ಮೂರು ದಸರೆಯಲ್ಲಿ ಕುಸ್ತಿ ಹಿಡಿದು ಒಂದರಲ್ಲಿ ಗೆದ್ದರಂತೆ. ಆಗ ಸುತ್ತಿದ ಪೇಟವನ್ನು ಆಮೇಲೆ ಮಗಳಿಗೆ ತೊಟ್ಟಿಲು ಕಟ್ಟಲು ಬಳಸಿದೆವು ಎಂದು ಹೇಳಿ ಹೋದರು.

ಸೋದರತ್ತೆ ಒಂಬತ್ತಕ್ಕೆ ಬಂದರು. ಉಪ್ಪಿಟ್ಟು ತಿಂದರು. "ಅವನಿಲ್ದೆ ಇದ್ರೂ ಒಬ್ಬಳೇ ಎಲ್ಲಾ ನಿಭಾಯಿಸ್ಕೊಂಡಿದ್ದೀಯ ಕಣೆ" ಎಂದರು. ನಾನು ಹೌದು ಅನ್ನಲಿಲ್ಲ, ಅಲ್ಲ ಅನ್ನಲೂ ಇಲ್ಲ. ಇನ್ನೊಂದು ಸೌಟು ಉಪ್ಪಿಟ್ಟು ಬಡಿಸಿದೆ.

ಅವತ್ತು ಎರಡನೇ ಪಿರಿಯಡ್ಡಿನಲ್ಲಿ ಮಹಾಭಾರತದ ಕಥಾಭಾಗ ಹೇಳಬೇಕಿತ್ತು. ಇಪ್ಪತ್ತು ವರ್ಷದಿಂದ ಕನ್ನಡ ಪಾಠ ಮಾಡುತ್ತಿದ್ದರೂ ಹೊಳೆಯದಿದ್ದ ಒಂದು ವಿಷಯ ಅವತ್ತು ಹೊಳೆಯಿತು. ಅಜ್ಞಾತವಾಸಕ್ಕೆ ವಿರಾಟನ ಅರಮನೆ ಸೇರುವಾಗ ಧರ್ಮರಾಯ ಪಗಡೆ ಆಡುವ ಕೆಲಸ ಹಿಡಿದ, ಅರ್ಜುನ ನಾಟ್ಯ ಹೇಳಿಕೊಡಲು ಹೋದ, ನಕುಲ ಸಹದೇವರು ಕುದುರೆ ದನ ನೋಡಿಕೊಂಡರು. ಐವರಲ್ಲಿ ಹೆಚ್ಚು ಬಲವಿದ್ದ ಭೀಮ ಎಲ್ಲಿಗೆ ಹೋದ? ಸೀದಾ ಅಡುಗೆಮನೆಗೆ. ಅವನಿಗೆ ತಿಂಡಿಯ ಆಸೆ ಎಂದು ಮಕ್ಕಳಿಗೆ ಹೇಳಿ ನಗಿಸುತ್ತಿದ್ದೆ. ಈಗ ಅನ್ನಿಸುತ್ತದೆ, ತನ್ನ ಬಲ ಎಲ್ಲಿ ಹೆಚ್ಚು ಬೇಕಾಗುತ್ತದೆ ಎನ್ನುವುದು ಅವನೊಬ್ಬನಿಗೇ ಗೊತ್ತಿತ್ತು. ಹಂಡೆ ಇಳಿಸಬೇಕು, ಸೌದೆ ಸೀಳಬೇಕು, ಅಕ್ಕಿ ಮೂಟೆ ಸರಿಸಬೇಕು. ಕೀಚಕನ ಕಾಟ ಹೆಚ್ಚಾದಾಗ ದ್ರೌಪದಿ ರಾತ್ರಿ ಎದ್ದು ಹೋದದ್ದೂ ಅದೇ ಅಡುಗೆಮನೆಗೆ. ಐದು ಜನರಲ್ಲಿ ಪಗಡೆಯವನನ್ನು ಎಬ್ಬಿಸಲಿಲ್ಲ, ಗಾಂಡೀವದವನನ್ನೂ ಎಬ್ಬಿಸಲಿಲ್ಲ. ಮಲಗಿದ್ದ ವಲಲನನ್ನು ಅಲುಗಿಸಿದಳು. "ರೀ, ಸ್ವಲ್ಪ ಬನ್ನಿ ಇಲ್ಲಿ" ಎನ್ನುವ ಪರಂಪರೆ ಅಲ್ಲಿಂದ ಶುರುವಾಗಿರಬೇಕು ಎಂದೆ. ಹಿಂದಿನ ಬೆಂಚಿನ ಹುಡುಗರು ಚಪ್ಪಾಳೆ ಹೊಡೆದರು. ಹಿಂದಿನ ದಿನದ ಭಾಷಣಕ್ಕೆ ಅವರು ಹೊಡೆದಿರಲಿಲ್ಲ.

ನಮ್ಮ ಯಜಮಾನರು ಭೀಮನಲ್ಲ. ಬ್ಯಾಂಕಿನಲ್ಲಿ ಲೆಕ್ಕ ನೋಡುವವರು, ತೂಕ 61 ಕೆ.ಜಿ., ಶರ್ಟು ಈಗಲೂ 38. ಆದರೆ ಮದುವೆಯಾದ ಇಪ್ಪತ್ತಮೂರು ವರ್ಷದಲ್ಲಿ ಮನೆಯಲ್ಲಿ ಮಿಸುಕಾಡದ್ದೆಲ್ಲ ಮಿಸುಕಿದ್ದು ಅವರ ಕೈಯಲ್ಲೇ. ಮಳೆಗಾಲದಲ್ಲಿ ಉಬ್ಬಿಕೊಂಡ ಬಾಗಿಲಿನ ಚಿಲಕ, ಸಂಪಿನ ಕಬ್ಬಿಣದ ಮುಚ್ಚಳ, ಅಟ್ಟದ ಮೇಲಿನ ತಾಮ್ರದ ಹಂಡೆ, ಕೆಟ್ಟ ಹಟ ಮಾಡುವ ಕುಕ್ಕರ್, ಹಲಸಿನಹಣ್ಣು. ನಾನು ಕರೆಯುವುದೂ ಹಾಗೆಯೇ. "ರೀ, ಸ್ವಲ್ಪ ಬನ್ನಿ ಇಲ್ಲಿ" ಎನ್ನುತ್ತೇನೆ, ಯಾಕೆ ಎಂದು ಹೇಳುವುದಿಲ್ಲ. ಅವರು ಪೇಪರ್ ಮಡಚಿ, ಕನ್ನಡಕ ತೆಗೆದಿಟ್ಟು, ತೋಳು ಮಡಚುತ್ತಾ ಬರುತ್ತಾರೆ. ಆ ನಾಲ್ಕು ಹೆಜ್ಜೆ ನೋಡಬೇಕು. ಲೆಕ್ಕ ನೋಡುವ ಮನುಷ್ಯನಿಗೆ ಆ ನಾಲ್ಕು ಹೆಜ್ಜೆಯಲ್ಲಿ ಎದೆ 38ರಿಂದ 42 ಆಗುತ್ತದೆ.

ಬಾಟಲಿ ಮುಚ್ಚಳದ ವಿಷಯದಲ್ಲಿ ಅವರಿಗೆ ಒಂದು ಪದ್ಧತಿ ಇದೆ. ನನ್ನ ಮುಂದೆ ತೆಗೆಯುವುದಿಲ್ಲ. ಇಸ್ಕೊಂಡು, ಒಮ್ಮೆ ಕಣ್ಣ ಮಟ್ಟಕ್ಕೆ ಎತ್ತಿ ನೋಡಿ, "ಇಲ್ಲಿ ಬೆಳಕು ಸಾಲದು" ಎಂದು ಹಿಂದಿನ ಯುಟಿಲಿಟಿಗೆ ಹೋಗುತ್ತಾರೆ. ಅರ್ಧ ನಿಮಿಷ. ವಾಪಸ್ ಬರುವಾಗ ಮುಚ್ಚಳ ಒಂದು ಕೈಯಲ್ಲಿ, ಬಾಟಲಿ ಒಂದು ಕೈಯಲ್ಲಿ. "ತಗೋ." ಅಷ್ಟೇ. ಜಾಸ್ತಿ ಮಾತಾಡುವುದಿಲ್ಲ, ಬಲವಂತರು ಮಾತಾಡಬಾರದು ಎನ್ನುವ ಹಾಗೆ. ನಾನು ಅದನ್ನು ಮೆಚ್ಚಿಕೊಂಡೇ ಬಂದಿದ್ದೇನೆ. ಮನೆಯಲ್ಲಿ ಬೇಸರದ ಸಂಗತಿ ಎಂದರೆ ಚಮಚಗಳು ಮಾತ್ರ. ಒಳ್ಳೇ ಸ್ಟೀಲ್ ಚಮಚ, ಎಷ್ಟು ತಂದರೂ ಆರು ತಿಂಗಳಿಗೆ ಎರಡು ಸೊಟ್ಟಗಾಗಿರುತ್ತವೆ. ಮಗಳು ಫ್ರೀಜರಿನ ಐಸ್‌ಕ್ರೀಮನ್ನು ಗಟ್ಟಿಯಿದ್ದಾಗಲೇ ಕೆದಕುತ್ತಾಳೆ ಎಂದು ಅವಳಿಗೆ ಬೈಯುತ್ತಾ ಬಂದಿದ್ದೆ.

ಯುಗಾದಿಗೆ ಸುಣ್ಣ ಬಣ್ಣ ಬಂತು. ರೂಮಿನ ಬೀರು ಹಾಲಿಗೆ ಬರಬೇಕಿತ್ತು. ಯಜಮಾನರು, ಹಬ್ಬಕ್ಕೆ ಬಂದಿದ್ದ ಮೈದುನ, ಓನರ್ ಮನೆಯ ಜಿಮ್ಮಿನ ಹುಡುಗ, ಪೇಂಟರ್, ಹೀಗೆ ನಾಲ್ಕು ಗಂಡಸರು ಸೇರಿದರು. ಬೀರು ಸಾಗಿಸುವಾಗ ಗಂಡಸರಿಗೆ ಬರುವ ಹುರುಪು ಬೇರೆ ಯಾವ ಶುಭಕಾರ್ಯದಲ್ಲೂ ಬರುವುದಿಲ್ಲ. ಮೊದಲು ಕಾಲು ಗಂಟೆ ಬೀರುವನ್ನು ನೋಡುತ್ತಾರೆ. ಒಬ್ಬ ಗೇಣಿನಲ್ಲಿ ಬಾಗಿಲು ಅಳೆಯುತ್ತಾನೆ. ಆಮೇಲೆ ಎತ್ತುವವರು ಮೂವರು, "ನಿಧಾನ, ನಿಧಾನ" ಎನ್ನುವವನು ಒಬ್ಬ. ಎಂಥ ಬೀರು ಸಾಗಿಸಿದರೂ "ನಿಧಾನ ನಿಧಾನ" ಎನ್ನುವವನು ಒಬ್ಬ ಇದ್ದೇ ಇರುತ್ತಾನೆ, ಅವನ ಕೈ ಬೀರುವಿನ ಮೇಲಿರುತ್ತದೆ ಆದರೆ ಭಾರ ಅವನ ಮೇಲಿರುವುದಿಲ್ಲ. ನಮ್ಮ ಮನೆಯಲ್ಲಿ ಅದು ಮೈದುನ.

"ಆ ಕಡೆ, ಆ ಕಡೆ."

"ಯಾವ ಕಡೆ? ನಿನ್ನ ಆ ಕಡೆಯೋ ನನ್ನ ಆ ಕಡೆಯೋ?"

"ಸ್ವಲ್ಪ ಓರೆ ಮಾಡಿ. ಅಯ್ಯೋ, ಅಷ್ಟಲ್ಲ!"

ಬೀರು ಬಾಗಿಲಲ್ಲಿ ಸಿಕ್ಕಿಕೊಂಡಿತು. ರೂಮಿನ ಒಳಗೆ ಇಬ್ಬರು, ಹೊರಗೆ ಇಬ್ಬರು. ಒಳಗಿದ್ದ ಪೇಂಟರ್ "ಸಾರ್, ನನ್ನ ಟೀ ಹೊರಗಿದೆ" ಎಂದ. ಅಷ್ಟು ಹೊತ್ತಿಗೆ ಮಗಳು ಬಂದು, "ಅಪ್ಪಾ, ಒಳಗಿರೋ ಸಾಮಾನು ಖಾಲಿ ಮಾಡಿದ್ರಾ?" ಎಂದು ಕೇಳಿದಳು. ಯಾರೂ ಮಾಡಿರಲಿಲ್ಲ. ನನ್ನ ಮದುವೆಯ ಸೀರೆಗಳು, ಅತ್ತೆಯ ಹಿತ್ತಾಳೆ ದೀಪಗಳು, ಹದಿನೈದು ವರ್ಷದ ಲೈಟ್ ಬಿಲ್ಲುಗಳು ಎಲ್ಲ ಒಳಗೇ ಇದ್ದವು. ಯಜಮಾನರಿಗೆ ಮಗಳ ಮುಂದೆ ಅವಮಾನವಾಯಿತು. "ಬಿಡು, ಹೀಗೇ ಎತ್ತೋಣ, ಅದೇನ್ ಮಹಾ" ಎಂದು ಬಗ್ಗಿ ಒಂದೇ ಸಲ ಎತ್ತಿದರು. ಸೊಂಟದಲ್ಲಿ ಎತ್ತಿದರು, ತೊಡೆಯಲ್ಲಲ್ಲ.

ಬೀರು ಬಾಗಿಲು ದಾಟಿತು. ಯಜಮಾನರು ಬಗ್ಗಿದವರು ಏಳಲಿಲ್ಲ. ಏನೋ ಹುಡುಕುತ್ತಿದ್ದಾರೆ ಎಂದುಕೊಂಡು ಎರಡು ನಿಮಿಷ ಯಾರೂ ಗಮನಿಸಲೇ ಇಲ್ಲ.

ಕಾಲು ಮುಂದಾಗಿ ಹುಟ್ಟಿದವರು ತುಳಿದರೆ ಉಳುಕು ಬಿಡುತ್ತದೆ ಎನ್ನುತ್ತಾರೆ. ಸೋದರತ್ತೆ ಕಾಲು ಮುಂದಾಗಿ ಹುಟ್ಟಿದವರು. ಫೋನು ಮಾಡುವುದಕ್ಕೂ ಮೊದಲೇ ಸುದ್ದಿ ತಿಳಿದು ಬಂದುಬಿಟ್ಟರು. ಆದರೆ ಅವರ ತೂಕ 84. ಮಗಳು ಅಡ್ಡ ನಿಂತಳು. ಅವಳು ಓದುತ್ತಿರುವುದೇ ಫಿಸಿಯೋಥೆರಪಿ. "ಅಜ್ಜಿ, ನೀವು ತುಳಿದ್ರೆ ಅಪ್ಪ ಇನ್ನೊಂದ್ಸಲ ಹುಟ್ಟಬೇಕಾಗತ್ತೆ" ಎಂದಳು. ಆಮೇಲೆ ಅಪ್ಪನನ್ನು ಚಾಪೆಯ ಮೇಲೆ ಮಲಗಿಸಿ, ನನಗೆ ಪಾಠ ಹೇಳಿದಳು. ಗಂಡಸಿಗೂ ಹೆಂಗಸಿಗೂ ಬಲದ ವ್ಯತ್ಯಾಸ ಕಾಲಿನಲ್ಲಿ ಅಷ್ಟಿಲ್ಲವಂತೆ, ಭುಜ, ತೋಳು, ಮುಷ್ಟಿಯಲ್ಲಿ ಹೆಚ್ಚಂತೆ. ಹದಿಹರೆಯದಲ್ಲಿ ಹುಡುಗರ ಮೈಯಲ್ಲಿ ಟೆಸ್ಟೋಸ್ಟಿರಾನ್ ಏರಿದಾಗ ಮಾಂಸಖಂಡ ತುಂಬಿಕೊಳ್ಳುವುದು ಅದಕ್ಕೆ ಕಾರಣವಂತೆ. ಮೂವತ್ತು ನಲವತ್ತು ದಾಟಿದ ಮೇಲೆ, ವ್ಯಾಯಾಮ ಮಾಡದಿದ್ದರೆ, ಮಾಂಸಖಂಡ ನಿಧಾನವಾಗಿ ಕರಗುತ್ತಾ ಬರುತ್ತದಂತೆ. "ಅಪ್ಪನ ಕೈ ಮಾತ್ರ ಇನ್ನೂ ಪರವಾಗಿಲ್ಲ. ಸೊಂಟ ಮುಗಿದಿದೆ" ಎಂದಳು. ಚಾಪೆಯಿಂದ "ಕೇಳಿಸ್ತಿದೆ" ಎಂದು ಸಣ್ಣ ದನಿ ಬಂತು.

ಮಾರನೇ ದಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಲು ಹಳೇ ಕಾರು ತೆಗೆದೆ. ಓಡಿಸುವುದು ನಾನೇ, ಅದರಲ್ಲಿ ನನಗೆ ಯಾರ ಸಹಾಯವೂ ಬೇಡ. ಯಜಮಾನರನ್ನು ಹಿಂದಿನ ಸೀಟಿನಲ್ಲಿ ಮಗ್ಗುಲಾಗಿ ಮಲಗಿಸಿದೆವು. ಅಗ್ರಹಾರ ಸರ್ಕಲ್ ಹತ್ತಿರ ಕಾರು ಕೆಮ್ಮಿತು, ನಿಂತಿತು. ಬ್ಯಾಟರಿ ಸತ್ತಿತ್ತು. ಹಿಂದೆ ಸಿಟಿ ಬಸ್ಸು, ಅದರ ಹಿಂದೆ ಹಾರನ್ನುಗಳು.

ಇಲ್ಲಿ ನಾನು ನಮ್ಮ ಊರಿನ ಗಂಡಸರ ಬಗ್ಗೆ ಒಂದು ಮಾತು ಹೇಳಲೇಬೇಕು. ನಿಂತ ಗಾಡಿ ತಳ್ಳಿ ಎಂದು ಯಾರನ್ನೂ ಎರಡು ಸಲ ಕೇಳಬೇಕಾಗಿಲ್ಲ. ನಾನು ಒಂದು ಸಲವೂ ಕೇಳಲಿಲ್ಲ. ಟೀ ಅಂಗಡಿ ಮುಂದೆ ನಿಂತಿದ್ದವನು ಅರ್ಧ ಲೋಟ ಟೀ ಕಟ್ಟೆಯ ಮೇಲಿಟ್ಟು ಬಂದ. ಹೂವು ಕಟ್ಟುತ್ತಿದ್ದವನು ಬಾಳೆನಾರು ಹಲ್ಲಿನಲ್ಲಿ ಕಚ್ಚಿಕೊಂಡೇ ಬಂದ. ಒಬ್ಬ ಆಟೋದವನು, ಒಬ್ಬ ಕಾಲೇಜು ಹುಡುಗ. ಒಬ್ಬರಿಗೊಬ್ಬರು ಪರಿಚಯವಿಲ್ಲ. ಯಾರೂ ಹೆಸರು ಕೇಳಲಿಲ್ಲ, ಎಲ್ಲಿಗೆ ಹೋಗುತ್ತೀರಿ ಎನ್ನಲಿಲ್ಲ. ನಾಲ್ಕು ಜೊತೆ ಕೈ ಡಿಕ್ಕಿಯ ಮೇಲೆ ಬಂದು ಕೂತವು. ಬಸ್ಸಿನಲ್ಲಿ ಕಿಟಕಿಯ ಗಾಜು ಜಗ್ಗದಿದ್ದಾಗ ಹಿಂದಿನ ಸೀಟಿನಿಂದ ಒಂದು ಕೈ ಬಂದು ದಬಕ್ಕನೆ ಸರಿಸಿ ಮಾಯವಾಗುತ್ತದಲ್ಲ, ರೈಲಿನಲ್ಲಿ ನನ್ನ ಸೂಟ್‌ಕೇಸನ್ನು ಮೇಲಿನ ಬರ್ತಿಗೆ ಎತ್ತಿಟ್ಟು ಮುಖವನ್ನೂ ತೋರಿಸದೆ ಒಬ್ಬರು ಹೋಗುತ್ತಾರಲ್ಲ, ಅದೇ ಜಾತಿಯ ಕೈಗಳು. ಅವರಿಗೆಲ್ಲ ಥ್ಯಾಂಕ್ಸ್ ಹೇಳೋಣ ಎಂದು ತಿರುಗುವಷ್ಟರಲ್ಲಿ ಅವರು ಇರುವುದಿಲ್ಲ.

"ಸೆಕೆಂಡ್ ಗೇರಲ್ಲಿ ಹಾಕಿ ಮೇಡಂ, ಕ್ಲಚ್ ತುಳ್ಕೊಳ್ಳಿ, ಹೇಳ್ದಾಗ ಬಿಡಿ!" ಎಂದ ಆಟೋದವನು.

"ಹೇಳ್ದಾಗ ಬಿಡು" ಎಂದರು ಹಿಂದಿನ ಸೀಟಿನಲ್ಲಿ ಮಲಗಿದ್ದವರು.

ತಳ್ಳಿದರು. ಕಾರು ಜಗ್ಗಲಿಲ್ಲ. ಐಸಾ ಎಂದರು. ಜಗ್ಗಲಿಲ್ಲ. ಬಸ್ಸಿನ ಕಂಡಕ್ಟರೂ ಇಳಿದು ಬಂದು ಕೈ ಹಾಕಿದ. ಹೂವಿನವನ ಹಣೆಯಲ್ಲಿ ನರ ಉಬ್ಬಿತು. ಕಾಲೇಜು ಹುಡುಗನ ಚಪ್ಪಲಿ ಕಿತ್ತಿತು. ಕಾರು ಒಂದು ಗೇಣು ಮುಂದೆ ಹೋಗಿ, ಅಲ್ಲೇ ಮುಷ್ಕರ ಹೂಡಿತು. ನಮ್ಮ ಗಂಡಸರ ಬಲದ ಬಗ್ಗೆ ನನಗೆ ಬೇಸರವಾಗತೊಡಗಿತ್ತು. ಐದು ಜನ ಸೇರಿ ಒಂದು ಸಣ್ಣ ಕಾರು ತಳ್ಳಲು ಆಗುವುದಿಲ್ಲವೆಂದರೆ!

ಕಂಡಕ್ಟರ್ ಬೆವರು ಒರೆಸಿಕೊಳ್ಳುತ್ತಾ ನನ್ನ ಕಿಟಕಿಗೆ ಬಂದು, ಬಹಳ ಮರ್ಯಾದೆಯಿಂದ, ಮೆಲ್ಲಗೆ ಕೇಳಿದ: "ಅಮ್ಮಾ, ಹ್ಯಾಂಡ್ ಬ್ರೇಕು?"

ನಾನು ಹ್ಯಾಂಡ್ ಬ್ರೇಕ್ ಇಳಿಸಿದೆ. ಆ ಕಟಕ್ ಸದ್ದು ಸರ್ಕಲ್ಲಿನ ಆಚೆ ತುದಿಗೂ ಕೇಳಿಸಿರಬೇಕು. ಯಾರೂ ಏನೂ ಅನ್ನಲಿಲ್ಲ. ಹೂವಿನವನಂತೂ ಬಾಯಲ್ಲಿ ನಾರು ಇದ್ದದ್ದರಿಂದ ಅನ್ನುವ ಹಾಗೂ ಇರಲಿಲ್ಲ. ಮತ್ತೆ ಕೈ ಹಾಕಿದರು. ಈ ಸಲ ಕಾರು ಹೂವಿನ ಹಾಗೆ ಓಡಿತು, ಎಂಜಿನ್ ಹಿಡಿಯಿತು. ಕನ್ನಡಿಯಲ್ಲಿ ನೋಡಿದೆ. ಟೀಯವನು ತನ್ನ ಅರ್ಧ ಲೋಟದ ಕಡೆ ಹೋಗುತ್ತಿದ್ದ. ಹಿಂದಿನ ಸೀಟಿನಿಂದ ಡಾಕ್ಟರ ಮನೆ ಬರುವವರೆಗೂ ಒಂದು ಮಾತೂ ಬರಲಿಲ್ಲ, ಬರೀ ಸೀಟು ಅಲುಗುತ್ತಿತ್ತು. ಸೊಂಟ ನೋವಿನವರು ಅಷ್ಟು ನಗಬಾರದು.

ಡಾಕ್ಟರು ಮೂರು ವಾರ ಏನನ್ನೂ ಎತ್ತಬಾರದು, ಬಗ್ಗಬಾರದು ಎಂದರು. ನೋವಿಗಿಂತ ಆ ಮಾತು ಯಜಮಾನರನ್ನು ಹೆಚ್ಚು ಕೆಡವಿತು. 25 ಕೆ.ಜಿ. ಅಕ್ಕಿ ಮೂಟೆ ಬಂದಾಗ ಅದನ್ನು ಓನರ್ ಮನೆಯ ಹುಡುಗ ಹೆಗಲ ಮೇಲಿಟ್ಟು ತಂದ. ಪೈಲ್ವಾನ್ ತಾತನ ಹತ್ತಿರ ವಾರಕ್ಕೆರಡು ದಿನ ಪಾಠ ಹೇಳಿಸಿಕೊಳ್ಳುತ್ತಿದ್ದಾನೆ, ಈಗ ಅವನಿಗೆ ದಿನವೂ ಲೆಗ್ ಡೇ. 20 ಲೀಟರಿನ ನೀರಿನ ಕ್ಯಾನನ್ನು ನಾನೇ ಕುಕ್ಕರುಗಾಲಲ್ಲಿ ಕೂತು, ತೊಡೆಗೆ ತಂದು ಎತ್ತಿದೆ. ಎದ್ದಿತು! ಖುಷಿಯಿಂದ ತಿರುಗಿ ನೋಡಿದರೆ ಯಜಮಾನರು ಪೇಪರ್ ಹಿಂದೆ ಮುಖ ಮುಚ್ಚಿಕೊಂಡಿದ್ದರು. ಮನೆಯಲ್ಲಿ ಆ ವಾರವೆಲ್ಲ ಯಾರೂ ಅವರನ್ನು "ಸ್ವಲ್ಪ ಬನ್ನಿ" ಎಂದು ಕರೆದಿರಲಿಲ್ಲ. ಅವರಾಗಿಯೇ ಎರಡು ಸಲ ಅಡುಗೆಮನೆ ಬಾಗಿಲಿಗೆ ಬಂದು, "ಏನಾದ್ರೂ ಕರೆದ್ಯಾ?" ಎಂದು ಕೇಳಿ ಹೋದರು.

ಹಾಗಾಗಿ ಜಾಮ್ ಬಾಟಲಿ ಸಿಕ್ಕಿದಾಗ ನನಗೆ ಒಂದು ಉಪಾಯ ಹೊಳೆಯಿತು.

ಮುಚ್ಚಳ ಯಾಕೆ ಬಿಗಿಯುತ್ತದೆ ಎಂದು ಮಗಳು ಹಿಂದೆಯೇ ಹೇಳಿದ್ದಳು. ಜಾಮನ್ನು ಬಿಸಿಯಿರುವಾಗಲೇ ತುಂಬಿ ಮುಚ್ಚುತ್ತಾರೆ. ಆರಿದ ಮೇಲೆ ಒಳಗಿನ ಒತ್ತಡ ಇಳಿಯುತ್ತದೆ, ಹೊರಗಿನ ಗಾಳಿ ಮುಚ್ಚಳವನ್ನು ಒಳಕ್ಕೆ ಅಮುಕುತ್ತದೆ. ಗಾಳಿಯ ಭಾರ ಒಂದು ಚದರ ಸೆಂಟಿಮೀಟರಿಗೆ ಸುಮಾರು ಒಂದು ಕೆ.ಜಿ.ಯಂತೆ. ಏಳು ಸೆಂಟಿಮೀಟರ್ ಅಗಲದ ಮುಚ್ಚಳದ ಅಡಿ ಪೂರ್ತಿ ಬರಿದಾಗಿದ್ದರೆ ಅದರ ಮೇಲೆ 38 ಕೆ.ಜಿ. ಕೂತ ಲೆಕ್ಕ. ಜಾಮ್ ಬಾಟಲಿ ಅಷ್ಟು ಬರಿದಾಗಿರುವುದಿಲ್ಲ, ಆದರೂ ಸಾಕಷ್ಟು ಕೂತಿರುತ್ತದೆ. ಅದನ್ನು ಮುಷ್ಟಿಯಲ್ಲಿ ಗೆಲ್ಲುವ ಬದಲು, ಮುಚ್ಚಳದ ಅಂಚಿಗೆ ಚಮಚದ ತುದಿ ಕೊಟ್ಟು ಮೀಟಿದರೆ ಸಣ್ಣಗೆ ಗಾಳಿ ಒಳಗೆ ಹೋಗಿ "ಟಪ್" ಎನ್ನುತ್ತದೆ. ಆಮೇಲೆ ಎರಡು ಬೆರಳು ಸಾಕು. ಇದು ಗೊತ್ತಾಗಿ ನಾಲ್ಕು ವರ್ಷವಾಯಿತು. ಆದರೂ ನಾನು ಬಾಟಲಿ ಸಿಕ್ಕಾಗಲೆಲ್ಲ "ರೀ" ಎಂದೇ ಕರೆಯುತ್ತಿದ್ದೆ. ಪೇಪರ್ ಮಡಚುವ ಸದ್ದು, ಆ ನಾಲ್ಕು ಹೆಜ್ಜೆ, 42 ಆಗುವ ಎದೆ. ಅದನ್ನೆಲ್ಲ ಚಮಚಕ್ಕೆ ಬಿಟ್ಟುಕೊಡಲು ಮನಸ್ಸು ಬಂದಿರಲಿಲ್ಲ.

ಅವತ್ತು ಮಾತ್ರ ಅವರ ಸೊಂಟಕ್ಕೆ ತೊಂದರೆಯಾಗದಿರಲಿ ಎಂದು, ನಾನೇ ಗುಟ್ಟಾಗಿ ಚಮಚ ಕೊಟ್ಟು ಮೀಟಿದೆ. ಟಪ್ ಎಂದಿತು. ಚಮಚ ಸೊಟ್ಟಗಾಯಿತು, ಡಬ್ಬದ ಹಿಂದೆ ತುರುಕಿದೆ. ಮುಚ್ಚಳವನ್ನು ಮತ್ತೆ ಮೆಲ್ಲಗೆ ತಿರುಗಿಸಿ ಕೂರಿಸಿ, ಸೆರಗಿನಿಂದ ಹಿಡಿದು ಬಹಳ ಒದ್ದಾಡಿದವಳ ಹಾಗೆ ಮುಖ ಮಾಡಿಕೊಂಡು ಕರೆದೆ.

"ರೀ, ಸ್ವಲ್ಪ ಬನ್ನಿ ಇಲ್ಲಿ."

ಪೇಪರ್ ಮಡಚಿದ ಸದ್ದು ಕೇಳಿತು. ಸೊಂಟದ ಪಟ್ಟಿ ಕಟ್ಟಿಕೊಂಡೇ ಬಂದರು. ಬಾಟಲಿ ಇಸ್ಕೊಂಡು ಕಣ್ಣ ಮಟ್ಟಕ್ಕೆ ಎತ್ತಿದರು. ಬೆಳಕು ಸಾಲದು ಎನ್ನಲಿಲ್ಲ. ಮುಚ್ಚಳದ ಅಂಚನ್ನು ಹೆಬ್ಬೆರಳಿನಲ್ಲಿ ಒಂದು ಸುತ್ತು ಸವರಿ, ಒಂದು ಕಡೆ ನಿಲ್ಲಿಸಿದರು. ಅಲ್ಲಿ ಸಣ್ಣ ನೆಗ್ಗು ಇತ್ತು. ನನ್ನ ಮುಖ ನೋಡಿದರು. ಎರಡು ಬೆರಳಿನಲ್ಲಿ ಮುಚ್ಚಳ ತಿರುಗಿಸಿ ತೆಗೆದು ಕೈಗಿಟ್ಟರು.

"ತಗೋ. ಚಮಚ ಎಲ್ಲಿಟ್ಟೆ?"

"ಯಾವ ಚಮಚ?"

ಅವರು ನಿಧಾನವಾಗಿ, ಬಗ್ಗದೆ, ಯುಟಿಲಿಟಿಗೆ ಹೋದರು. ವಾಷಿಂಗ್ ಮಷೀನಿನ ಹಿಂದೆ ಕೈ ಹಾಕಿ ಒಂದು ಹಳೇ ಬಿಸ್ಕತ್ತಿನ ಡಬ್ಬ ತೆಗೆದು ತಂದು ಕಟ್ಟೆಯ ಮೇಲಿಟ್ಟರು. ಒಳಗೆ ಹದಿನೇಳು ಚಮಚಗಳಿದ್ದವು, ಎಲ್ಲವೂ ಒಂದೇ ಕಡೆಗೆ ಸೊಟ್ಟ.

"ನಿನ್ನದನ್ನೂ ಇದರಲ್ಲೇ ಹಾಕು" ಎಂದರು. "ಮಗಳಿಗೆ ಹೇಳ್ಬೇಡ."